ಹಡಗಿಗೆ ಹಾಕೋದಾ, ಮಾರೋದಾ, ಅಪ್ಪನ ತಲೆಗೆ ಕಟ್ಟೋದಾ?

ಮಂಚ, ಫ್ರಿಜ್ಜು, ವಾಷಿಂಗ್ ಮಷೀನ್ ಯಾರ ಮನೆಗೆ ಹೋಗಬೇಕು ಅಂತ ಒಂದೇ ಸಂಜೆಯಲ್ಲಿ ತೀರ್ಮಾನ ಆಯಿತು. ಕಾರಿನ ವಿಷಯ ಬಂದಾಗ ಮಾತ್ರ ಪಂಚಾಯ್ತಿ ಶುರು. ನಮ್ಮದು 1998ರ ಮಾರುತಿ ಝೆನ್. ಅಪ್ಪ ಕೊಂಡಿದ್ದು, ನಾನು ಓಡಿಸೋದು ಕಲಿತಿದ್ದು ಅದರಲ್ಲೇ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಹತ್ತಿಸಿ ಕ್ಲಚ್ ಸುಟ್ಟ ವಾಸನೆ ಕುಡಿದಿದ್ದೂ ಅದರಲ್ಲೇ. ಈಗ ಕೆಲಸದ ಮೇಲೆ ಮೈಸೂರು ಬಿಟ್ಟು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದೇವೆ. "ಹಡಗಲ್ಲಿ ಹಾಕ್ಕೊಂಡು ಹೋಗೋ ಮಾರಾಯ" ಅಂತ ಗೆಳೆಯರು. "ಗುಜರಿಗೆ ಹಾಕ್ರೀ, ಹಡಗಿನ ಬಾಡಿಗೆ ಅದರ ಬೆಲೆಗಿಂತ ಜಾಸ್ತಿ" ಅಂತ ಹೆಂಡತಿ. "ಇಲ್ಲೇ ಇರಲಿ ಬಿಡಪ್ಪ, ನಾನು ನೋಡ್ಕೋತೀನಿ" ಅಂತ ಅಪ್ಪ.

ಈ ಮೂರನೇದು ಇದೆಯಲ್ಲ, ನನ್ನ ಜಗಳ ಇರೋದು ಅದರ ಜೊತೆ. ಆದರೆ ಮೊದಲು ಹಡಗಿನ ವಿಷಯ ಮುಗಿಸಿಬಿಡ್ತೇನೆ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ.

ಕಾರಿನ ಮೇಲೆ ಎಷ್ಟು ಪ್ರೀತಿ ಇದೆ, ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನೋದೆಲ್ಲ ಆಮೇಲಿನ ಮಾತು. ಹೋಗುವ ದೇಶ ಒಳಗೆ ಬಿಡುತ್ತಾ ಇಲ್ವಾ? ಅಮೆರಿಕಕ್ಕೆ ಹೋಗೋರು ನಿಮ್ಮ ಥಾರ್, ಸ್ಕಾರ್ಪಿಯೋ ಮರೆತುಬಿಡಿ. ಅಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರು ಒಳಗೆ ಬರಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಸಿಂಗಪುರದಲ್ಲಿ ಉಲ್ಟಾ, ಹಳೇ ಕಾರು ತರೋದಾದ್ರೆ 3 ವರ್ಷಕ್ಕಿಂತ ಹಳೇದಾಗಿರಬಾರದು. ಆಸ್ಟ್ರೇಲಿಯಾದವರು ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇದೆಯಾ ಅಂತ ಹುಡುಕುತ್ತಾರೆ, ಚಕ್ರದ ಸಂದಿಯಲ್ಲಿ ನಮ್ಮೂರ ಮಣ್ಣು ಅಂಟಿಕೊಂಡಿದ್ದರೂ ತೊಳೆಸುತ್ತಾರೆ. ಅದೂ ಮೊದಲು ಅನುಮತಿ ತಗೊಂಡು ಆಮೇಲೆ ಹಡಗು ಹತ್ತಿಸಿದ್ದರೆ. ಇದನ್ನೆಲ್ಲ ಓದಿ "ವಿದೇಶದವರಿಗೆ ಎಷ್ಟು ಕೊಬ್ಬು" ಅನ್ನಬೇಡಿ. ಅಲ್ಲಿಂದ ಇಲ್ಲಿಗೆ ಹಳೇ ಕಾರು ತರೋರಿಗೆ ನಮ್ಮ ಸರ್ಕಾರ ಹಾಕಿರೋ ಬೇಲಿ ಇದಕ್ಕಿಂತ ಎತ್ತರ. ಸ್ಟೀರಿಂಗ್ ಬಲಗಡೆ ಇರಬೇಕು, ತಯಾರಾಗಿ 3 ವರ್ಷ ದಾಟಿರಬಾರದು, ಮುಂಬೈ ಬಂದರಿನಲ್ಲೇ ಇಳಿಸಬೇಕು, ಸುಂಕ ಕಾರಿನ ಬೆಲೆಯನ್ನೇ ಮೀರುತ್ತೆ. ನ್ಯೂಜೆರ್ಸಿಯಲ್ಲಿ ಮಸ್ಟಾಂಗ್ ಇಟ್ಟುಕೊಂಡು ಊರಿಗೆ ವಾಪಸ್ ಬರೋ ಕನಸು ಕಾಣ್ತಿರೋ ಒಬ್ಬ ಗೆಳೆಯ ಇದನ್ನು ಓದ್ತಾನೆ ಅಂತ ಗೊತ್ತು. ಸಾರಿ ಕಣೋ.

ಇಂಗ್ಲೆಂಡ್ ಮಾತ್ರ ಆಶ್ಚರ್ಯ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸೋದು. ಹೊರಗಡೆ 12 ತಿಂಗಳು ವಾಸ ಇದ್ದು, ಕಾರು 6 ತಿಂಗಳಿಂದ ನಿಮ್ಮದೇ ಆಗಿ ಬಳಕೆಯಲ್ಲಿದ್ದರೆ, ವಾಸ ಬದಲಾಯಿಸುವವರ ರಿಯಾಯಿತಿಗೆ ಅರ್ಜಿ ಹಾಕಬಹುದು, ಸಿಕ್ಕಿದರೆ ಸುಂಕವೂ ಇಲ್ಲ ವ್ಯಾಟೂ ಇಲ್ಲ. ಒಂದು ವರ್ಷ ಮಾರೋ ಹಾಗಿಲ್ಲ ಅಷ್ಟೇ. 10 ವರ್ಷ ದಾಟಿದ ಕಾರಿಗೆ, ಅಲ್ಲಿನ ನಿಯಮಕ್ಕೆ ಹೊಂದುತ್ತೆ ಅಂತ ತೋರಿಸೋ ದೊಡ್ಡ ಅನುಮೋದನೆ ಪರೀಕ್ಷೆಯೂ ಬೇಕಿಲ್ಲ. ಇನ್ನೂ ಮಜಾ ಏನಂದ್ರೆ ನಮ್ಮ ಝೆನ್ 1990ರ ದಶಕದಲ್ಲೇ ಸುಝುಕಿ ಆಲ್ಟೋ ಅನ್ನೋ ಹೆಸರಲ್ಲಿ ಯುರೋಪಿಗೆ ರಫ್ತಾಗಿತ್ತು. ಅಂದ್ರೆ ಅಲ್ಲಿ ಇದು ತೀರಾ ಪರದೇಶಿ ಅಲ್ಲ.

ಇಷ್ಟು ಓದಿದಾಗ ನಾನು ಹಡಗಿನ ಏಜೆಂಟಿಗೆ ಫೋನೇ ಮಾಡಿಬಿಟ್ಟಿದ್ದೆ. ಆಮೇಲೆ ಕೂತು ಒಂದೊಂದೇ ನೋಡಿದೆ. ಅಲ್ಲಿ ಪ್ರತಿ ವರ್ಷ ಎಂಒಟಿ ಅಂತ ಒಂದು ಪರೀಕ್ಷೆ, ನಮ್ಮ ಎಫ್‌ಸಿ ಇದ್ದ ಹಾಗೆ, ಆದರೆ ನಿಜವಾಗಿ ಕಾರಿನ ಕೆಳಗೆ ಬಗ್ಗಿ ನೋಡ್ತಾರೆ. ಹಿಂದೆ ಕೆಂಪು ಫಾಗ್ ಲ್ಯಾಂಪ್ ಬೇಕೇ ಬೇಕು, ನನ್ನ ಝೆನ್‌ನಲ್ಲಿ ಇಲ್ಲ. ಸ್ಪೀಡೋಮೀಟರಿನಲ್ಲಿ ಮೈಲಿ ಕಾಣಿಸಬೇಕು. ಇವೆರಡನ್ನೂ ಮಾಡಿಸಬಹುದು ಬಿಡಿ. ಹೊಗೆ ಪರೀಕ್ಷೆಗೆ ಏನು ಮಾಡೋದು? ಆ ಕಾಲದ ಪೆಟ್ರೋಲ್ ಕಾರು ಅಂದ್ರೆ ಹೊಗೆಯ ವಿಷ ತಗ್ಗಿಸೋ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ ಅನ್ನೋ ಲೆಕ್ಕದಲ್ಲೇ ಅಲ್ಲಿ ಅಳೆಯೋದು. ನಮ್ಮದು ಹಳೇ ಥರದಲ್ಲಿ ಗಾಳಿ, ಪೆಟ್ರೋಲ್ ಬೆರೆಸೋ ಕಾರ್ಬುರೇಟರ್ ಗಾಡಿ, ಆ ಅಳತೆಗೆ ನಿಲ್ಲೋದು ಕಷ್ಟ. ಹೇಗೋ ಪಾಸಾಯ್ತು ಅಂತಲೇ ಇಟ್ಕೊಳ್ಳಿ, ಬರ್ಮಿಂಗ್‌ಹ್ಯಾಮ್ ನಗರದ ನಡುಭಾಗಕ್ಕೆ ಇಂಥ ಹಳೇ ಕಾರು ಹೋದರೆ ದಿನಕ್ಕೆ 8 ಪೌಂಡ್ ಮಾಲಿನ್ಯ ಶುಲ್ಕ. ಲಂಡನ್ನಿಗೆ ಹೋದರೆ 12.50 ಪೌಂಡ್. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಮೇಲೆ ನಮ್ಮ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರಲ್ಲಿ ಮೋದಿ ಉದ್ಘಾಟಿಸಿದ್ದು, ಅಲ್ಲಿಗೆ ಕೆಎ-09 ಓಡಿಸಿಕೊಂಡು ಹೋಗಿ ಫೋಟೋ ತೆಗೆಸಿಕೊಳ್ಳೋ ಆಸೆಗೂ ಆ ಶುಲ್ಕವೇ. ಅಷ್ಟೊತ್ತಿಗೆ ನಂಬರ್ ಪ್ಲೇಟೂ ಅಲ್ಲಿಯದೇ ಆಗಿರುತ್ತೆ ಅನ್ನಿ, ಫೋಟೋ ಕಥೆ ಅಲ್ಲಿಗೇ ಮುಗೀತು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಚಳಿಗಾಲದ ಉಪ್ಪು. ಹಿಮ ಕಟ್ಟದಿರಲಿ ಅಂತ ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ. ಮೈಸೂರಿನ ಒಣ ಹವೆಯಲ್ಲಿ ಇಷ್ಟು ವರ್ಷ ತುಕ್ಕು ಹಿಡಿಯದೆ ಉಳಿದ ತೆಳು ತಗಡು ಅಲ್ಲಿ ಎಷ್ಟು ಚಳಿಗಾಲ ತಡೆದೀತು? ಕಾರು ಉಳಿಸಬೇಕು ಅಂತ ಸಾಗಿಸಿ, ಅಲ್ಲಿ ಕರಗಿಸೋದು ಯಾವ ಪ್ರೀತಿ?

ಹಡಗಿನ ಪಯಣವೂ ಸುಮ್ನೆ ಅಲ್ಲ. 2022ರಲ್ಲಿ ಫೆಲಿಸಿಟಿ ಏಸ್ ಅನ್ನೋ ಹಡಗು ಸುಮಾರು 4,000 ಕಾರುಗಳ ಸಮೇತ ಬೆಂಕಿ ಹಿಡಿದು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಅಂಥದ್ದು ಅಪರೂಪ, ನಿಜ. ಆದರೆ ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಅಪಾಯದಲ್ಲಿರೋ ಹಡಗನ್ನು ಉಳಿಸೋಕೆ ಕೆಲವರ ಸರಕು ಸಮುದ್ರಕ್ಕೆ ಎಸೆದರು, ದೊಡ್ಡ ಖರ್ಚು ಮಾಡಿದರು ಅಂದ್ರೆ, ಆ ನಷ್ಟವನ್ನು ಸರಕಿನ ಎಲ್ಲ ಮಾಲೀಕರ ಮೇಲೂ ಹಂಚುತ್ತಾರೆ. ನಿಮ್ಮ ಕಾರಿಗೆ ಒಂದು ಗೀರೂ ಬಿದ್ದಿರಲ್ಲ, ಆದ್ರೂ ನಿಮ್ಮ ಪಾಲು ಕಟ್ಟೋ ತನಕ ಕಾರು ಕೈಗೆ ಬರಲ್ಲ. ಮರೀನ್ ಇನ್ಶೂರೆನ್ಸ್ ಇಲ್ಲದೆ ಸೈಕಲ್ಲನ್ನೂ ಕಳಿಸಬೇಡಿ.

ಹಾಗಾದ್ರೆ ಯಾರೂ ಕಳಿಸಲೇಬಾರದಾ? ಕಳಿಸಬಹುದು. ನನ್ನ ಹತ್ತಿರ 1970ರ ಅಂಬಾಸಿಡರ್ ಇದ್ದಿದ್ದರೆ ಎರಡನೇ ಯೋಚನೆ ಇಲ್ಲದೆ ಕಳಿಸ್ತಿದ್ದೆ. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಕಾರನ್ನು ಚಾರಿತ್ರಿಕ ವಾಹನ ಅಂತ ನೋಂದಾಯಿಸಿದರೆ ವಾಹನ ತೆರಿಗೆ ಇಲ್ಲ, ದೊಡ್ಡ ಬದಲಾವಣೆ ಮಾಡಿಸಿಲ್ಲದಿದ್ದರೆ ಎಂಒಟಿ ಕಡ್ಡಾಯ ಇಲ್ಲ, ಲಂಡನ್ನಿನ ಆ 12.50 ಕೂಡ ಇಲ್ಲ. ಮೇಲಾಗಿ ಅಂಬಾಸಿಡರ್ ಅಂದ್ರೆ ಅವರದ್ದೇ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಇನ್ನೊಂದು ರೂಪ, ತವರಿಗೆ ಹೋದ ಹಾಗೆ. ನಮ್ಮ ಝೆನ್ ಪಾಪ, ಹೊಸದೂ ಅಲ್ಲ, ಗೌರವ ಸಿಗುವಷ್ಟು ಹಳೇದೂ ಅಲ್ಲ.

ಈಗ ಅಪ್ಪನ ಮಾತಿಗೆ ಬರ್ತೇನೆ. ಹಡಗೂ ಬೇಡ, ಮಾರೋಕೂ ಮನಸ್ಸಿಲ್ಲ ಅಂದಾಗ ನಮ್ಮವರೆಲ್ಲ ಮಾಡೋದು ಇದನ್ನೇ. ಒಂದು ಬೂದು ಬಣ್ಣದ ಕವರ್ ತಂದು ಹೊದಿಸಿ, "ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಅಪ್ಪ, ಎರಡು ವರ್ಷದಲ್ಲಿ ಬರ್ತೀನಿ" ಅಂದು ವಿಮಾನ ಹತ್ತೋದು. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಮುಂದೆ ಇಂಥ ಕವರ್‌ಗಳಿವೆ. ಒಂದರ ಕೆಳಗೆ ಬೆಕ್ಕು ಮರಿ ಹಾಕಿತ್ತು, ಇನ್ನೊಂದರ ವೈರಿಂಗ್ ಪೂರಾ ಇಲಿ ತಿಂದು ಮುಗಿಸಿದೆ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡೋದರಿಂದ ಉಪಯೋಗಕ್ಕಿಂತ ತೊಂದರೆ ಜಾಸ್ತಿ. ಇಂಜಿನ್ ಸರಿಯಾಗಿ ಬಿಸಿ ಆಗಲ್ಲ, ಸೈಲೆನ್ಸರಿನಲ್ಲಿ ನೀರು ಕೂರುತ್ತೆ, ಸ್ಟಾರ್ಟಿಗೆ ಖರ್ಚಾದ ಬ್ಯಾಟರಿ ಅಷ್ಟರಲ್ಲಿ ತುಂಬಿಕೊಳ್ಳಲ್ಲ. ಟೈರ್ ಒಂದೇ ಕಡೆ ಭಾರ ಹೊತ್ತು ಚಪ್ಪಟೆ ಆಗುತ್ತೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ತೇವ ಹೀರುತ್ತೆ.

ಅದೆಲ್ಲ ಕಾರಿನ ಕಷ್ಟ. ಅಪ್ಪನ ಕಷ್ಟ ಬೇರೆ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ ಆಯಿತು, 2025ರಲ್ಲಿ 20 ವರ್ಷ ಮೀರಿದ ಕಾರಿಗೆ 10,000 ಮಾಡಿದರು. ದುಡ್ಡು ನಾನು ಆನ್‌ಲೈನ್‌ನಲ್ಲಿ ಕಟ್ಟಬಹುದು. ಕಾರನ್ನು ಆರ್‌ಟಿಒ ತನಕ ಓಡಿಸಿಕೊಂಡು ಹೋಗಿ, ಇನ್‌ಸ್ಪೆಕ್ಟರ್ ಬರೋ ತನಕ ಬಿಸಿಲಲ್ಲಿ ನಿಲ್ಲೋರು ಯಾರು? ಮಂಡಿ ನೋವಿನ ಅಪ್ಪ. ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ, ಬ್ಯಾಟರಿ ಬದಲಾಯಿಸೋ ಹುಡುಗನನ್ನು ಹುಡುಕೋದು, ಎಲ್ಲ ಅವರ ತಲೆಗೇ. ಅವರು ಇಲ್ಲ ಅನ್ನಲ್ಲ, ಮಗನದ್ದು ಅಂತ ಮಾಡ್ತಾರೆ. ಅದನ್ನೇ ನಾವು ಬಂಡವಾಳ ಮಾಡ್ಕೊಳ್ಳೋದು. ತೀರ್ಮಾನ ತಗೊಳ್ಳೋ ಧೈರ್ಯ ಇಲ್ಲದೆ ಅದನ್ನು ಅಪ್ಪನ ಅಂಗಳದಲ್ಲಿ ಪಾರ್ಕ್ ಮಾಡಿ ಹೋಗೋದಕ್ಕೆ ಸೆಂಟಿಮೆಂಟ್ ಅಂತ ಹೆಸರಿಡಬೇಡಿ ಅನ್ನೋದಷ್ಟೇ ನನ್ನ ವಾದ.

ನಾವು ಕೊನೆಗೆ ಕಾರನ್ನು ಅಕ್ಕನ ಮಗಳಿಗೆ ಕೊಟ್ಟೆವು. ಹಾಸನದಲ್ಲಿ ಕೆಲಸ, ದಿನಾ ಓಡಿಸ್ತಾಳೆ, ಹಾಸನದಲ್ಲೇ ಕಾರ್ಬುರೇಟರ್ ಗೊತ್ತಿರೋ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. "ಮನೆಯೊಳಗೇ ತಾನೇ, ಹೆಸರು ಆಮೇಲೆ ಬದಲಾಯಿಸಿದ್ರಾಯ್ತು" ಅಂತ ಅಕ್ಕ ಅಂದಳು. ನಾನು ಒಪ್ಪಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಆದರೆ ಪರಿಹಾರದ ಹೊಣೆ ಅವರ ಮೇಲೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಇಲ್ಲಿನ ಕೋರ್ಟ್ ನೋಟಿಸ್ ನೋಡೋಕೆ ನನಗಿಷ್ಟ ಇಲ್ಲ. ಮಾಲೀಕರ ಹೆಸರು ಬದಲಾಯಿಸೋ ಫಾರಂ 29, ಫಾರಂ 30 ತುಂಬಿ, ಇನ್ಶೂರೆನ್ಸ್ ಅವಳ ಹೆಸರಿಗೆ ಮಾಡಿಸಿ, ನನ್ನ ಫಾಸ್ಟ್ಯಾಗ್ ಮುಚ್ಚಿಸಿ ಆಮೇಲೆ ಕೀ ಕೊಟ್ಟೆ. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳು ಆಗಲೇ ಹಳೇ ಕ್ಯಾಸೆಟ್ ಪ್ಲೇಯರ್ ಕಿತ್ತು ಟಚ್ ಸ್ಕ್ರೀನ್ ಹಾಕಿಸಿದ್ದಾಳೆ, ನೋಡೋಕೆ ದರಿದ್ರವಾಗಿದೆ. ಬೇಡ ಅನ್ನೋಕೆ ನಾನ್ಯಾರು, ಕಾರು ಅವಳದ್ದು.

ಊರಲ್ಲಿ ಕವರ್ ಹೊದಿಸಿ ಹೋಗಿರೋರು ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ ಅಂತ ಒಮ್ಮೆ ಕೇಳಿ. ಅಪ್ಪನಿಗೆ ತಾರೀಖು ಬಾಯಲ್ಲೇ ಇರುತ್ತೆ, ನಿಮಗೇ ಗೊತ್ತಿರಲ್ಲ.