ನಿಂಬೆ ಹಿಂಡಲಿಕ್ಕೂ ವೈಫೈ ಬೇಕಂತೆ

ಫ್ರಿಜ್ಜಿನ ಬಾಗಿಲಲ್ಲಿ ಜಾಹೀರಾತು ಬರುವ ಸುದ್ದಿ ನೀವೂ ಓದಿರುತ್ತೀರಿ. 2025ರ ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ಕಂಪನಿ ಅಮೆರಿಕದಲ್ಲಿ, ದೊಡ್ಡ ಪರದೆ ಇರುವ ತನ್ನ ಫ್ರಿಜ್ಜುಗಳ ಮೇಲೆ ಈ ಪ್ರಯೋಗ ಶುರು ಮಾಡಿತು. ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ ಸುರಿದು ತಂದ ಫ್ರಿಜ್ಜು. ಮನೆಯೊಳಗೆ ಬಂದು ಕೂತ ಮೇಲೆ ಒಂದು ಅಪ್‌ಡೇಟ್ ಹಾಕಿಕೊಂಡು ಜಾಹೀರಾತು ತೋರಿಸಲಿಕ್ಕೆ ಹೊರಟಿತು. ಅಲ್ಲಿನವರು ಹೌಹಾರಿದರು. ನಮಗೆ ಕರಾವಳಿಯವರಿಗೆ ಇದರಲ್ಲಿ ಅಂಥ ಹೊಸತೇನೂ ಕಾಣಲಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲು ಇರುವುದೇ ಜಾಹೀರಾತಿಗೆ. ಗ್ಯಾಸ್ ಏಜೆನ್ಸಿಯ ಸ್ಟಿಕ್ಕರ್, ಸೊಸೈಟಿಯವರು ಕೊಟ್ಟ ಮ್ಯಾಗ್ನೆಟ್, ಚಿನ್ನದ ಅಂಗಡಿಯ ಅಂಗೈಯಗಲದ ಕ್ಯಾಲೆಂಡರ್, ಮಿಕ್ಸಿ ರಿಪೇರಿಯವನ ನಂಬರ್. ಅಪ್‌ಡೇಟ್ ಬೇಡ, ಕರೆಂಟು ಹೋದರೂ ಓದಲಿಕ್ಕೆ ಸಿಗುತ್ತದೆ.

ಇಂಥ ಫ್ರಿಜ್ಜುಗಳ ಒಳಗೊಂದು ಕ್ಯಾಮೆರಾ ಬೇರೆ ಉಂಟು. ನೀವು ಏನು ಇಟ್ಟಿರಿ, ಏನು ತೆಗೆದಿರಿ ಅಂತ ಎಐ ನೋಡಿ ಪಟ್ಟಿ ಮಾಡುತ್ತದೆ. ಅದರಲ್ಲೇ ಅಡುಗೆಗೆ ಸಲಹೆಯನ್ನೂ ಕೊಡುತ್ತದೆ. ಬಹಳ ಸಂತೋಷ. ಅದನ್ನು ಒಮ್ಮೆ ಮಂಗಳೂರಿಗೆ ಕರೆದುಕೊಂಡು ಬನ್ನಿ. ಇಲ್ಲಿ ಯಾವ ಮನೆಯ ಫ್ರಿಜ್ಜಿನಲ್ಲಾದರೂ ಐಸ್‌ಕ್ರೀಂ ಡಬ್ಬದೊಳಗೆ ಐಸ್‌ಕ್ರೀಂ ಇದ್ದದ್ದುಂಟಾ? ಒಂದರಲ್ಲಿ ತುರಿದ ತೆಂಗಿನಕಾಯಿ. ಒಂದರಲ್ಲಿ ನಿನ್ನೆಯ ಬಂಗುಡೆ ಪುಳಿಮುಂಚಿ. ಇನ್ನೊಂದರಲ್ಲಿ ಇರುವುದು ಏನಂತ ಇಟ್ಟವರಿಗೇ ಮರೆತುಹೋಗಿದೆ. ಮುಚ್ಚಳ ತೆಗೆದು ಮುಖ ಸಪ್ಪೆ ಮಾಡಿಕೊಂಡೇ ಇಲ್ಲಿನ ಮಕ್ಕಳು ದೊಡ್ಡವರಾಗಿದ್ದಾರೆ. ಎಐ ಪಾಪ, ಯಾವ ಲೆಕ್ಕ? ಬಾಳೆಲೆಯಲ್ಲಿ ಕಟ್ಟಿಟ್ಟ ಶಂಕರಪುರ ಮಲ್ಲಿಗೆಯನ್ನು ಸೊಪ್ಪು ಅಂದುಕೊಂಡು ತಂಬುಳಿ ಮಾಡಿ ಅಂತ ಹೇಳದಿದ್ದರೆ ಸಾಕು.

ಫ್ರಿಜ್ಜಿನ ಕಥೆ ಮುಗಿಯುವುದರೊಳಗೆ ಹಾಸಿಗೆಯ ಕಥೆ ಬಂತು. ಅಕ್ಟೋಬರ್ 20ಕ್ಕೆ ಅಮೆಜಾನಿನ ಕ್ಲೌಡ್ ಸರ್ವರುಗಳು ಕೈಕೊಟ್ಟವು. ಅಲ್ಲಿ ಏಟ್ ಸ್ಲೀಪ್ ಅಂತ ಒಂದು ಕಂಪನಿಯ ಸ್ಮಾರ್ಟ್ ಹಾಸಿಗೆ ಉಂಟು. ಬೇಕಾದಷ್ಟು ತಂಪು, ಬೇಕಾದಷ್ಟು ಬಿಸಿ, ಎಲ್ಲ ಆ ಸರ್ವರುಗಳ ಮೂಲಕ ಆ್ಯಪಿನಲ್ಲೇ. ಸರ್ವರ್ ಮಲಗಿದ ಕೂಡಲೇ ಜನ ಏಳಬೇಕಾಯಿತು. ಕೆಲವರ ಹಾಸಿಗೆ ಬಿಸಿ ಆದದ್ದು ಬಿಸಿಯಾಗಿಯೇ ಉಳಿಯಿತು. ಕೆಲವರ ಮಂಚ ತಲೆಯ ಕಡೆ ಎತ್ತಿದ್ದು ಕೆಳಗೆ ಇಳಿಯಲೇ ಇಲ್ಲ. ಬಿಸಿ ಹಾಸಿಗೆಗೆ ಎರಡು ಸಾವಿರ ಡಾಲರ್ ಮೇಲೆ ಕೊಟ್ಟಿದ್ದರಂತೆ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕರೆಂಟು ತೆಗೆದರೆ ಆ ಸೌಲಭ್ಯ ಇಲ್ಲಿ ಪುಕ್ಕಟೆ.

ಸ್ಮಾರ್ಟ್ ಮನೆ ಅನ್ನುವವರಿಗೆಲ್ಲ ನನ್ನದೊಂದು ಪ್ರಶ್ನೆ. ನಿಮ್ಮ ಕಂಪನಿಯಲ್ಲಿ ಗುಡುಗು ಕೇಳಿದವರು ಯಾರಾದರೂ ಇದ್ದಾರಾ? ಅಕ್ಟೋಬರಿನ ಒಂದು ಸಂಜೆ ನಾಲ್ಕೂವರೆಗೆ ಮೂಡಣದಲ್ಲಿ ಕಪ್ಪಾಗಿ ಒಂದು ಗುಡುಗು ಹೊಡೆಯಿತು ಅಂದರೆ ದಕ್ಷಿಣ ಕನ್ನಡ, ಉಡುಪಿಯ ಮನೆಮನೆಯಲ್ಲಿ ನಡೆಯುವ ಮೊದಲ ಕೆಲಸ ಮೋಡೆಮ್ಮಿನ ವಯರು ಕೀಳುವುದು. ಒಣಗಿದ ಬಟ್ಟೆ ತೆಗೆಯುವುದು ಆಮೇಲೆ. ಒಂದು ಸಿಡಿಲಿಗೆ ಮೋಡೆಮ್, ಟಿವಿ, ಇನ್ವರ್ಟರ್ ಮೂರೂ ಹೋದ ಮನೆಗಳು ಊರಿಗೆ ಹತ್ತು ಸಿಗುತ್ತವೆ. ಮಂಗಳೂರಿನ ಬಿಜೈ ಕಡೆ ನೆಂಟರೊಬ್ಬರು ಹೊಸ ಫ್ಲ್ಯಾಟಿನಲ್ಲಿ ದೀಪ, ಫ್ಯಾನು, ಪರದೆ ಎಲ್ಲವನ್ನೂ ಮಾತಿನಲ್ಲೇ ನಡೆಯುವ ಹಾಗೆ ಮಾಡಿಸಿದ್ದರು. ಗೃಹಪ್ರವೇಶಕ್ಕೆ ಹೋದವರ ಎದುರು ಪ್ರದರ್ಶನವೂ ಆಯಿತು. ಆಗಲೇ ಗುಡುಗಿತು. ಅವರ ಅತ್ತೆ ಎದ್ದು ಸೀದಾ ಹೋಗಿ, ಯಾರನ್ನೂ ಕೇಳದೆ, ಮೋಡೆಮ್ಮಿನ ಪಿನ್ನು ಎಳೆದು ಹೊರಗೆ ಹಾಕಿದರು. ಅಲ್ಲಿಂದ ಮನೆಗೆ ಕಿವಿಯೇ ಇಲ್ಲ. ಯಜಮಾನರು ಇಂಗ್ಲಿಷಿನಲ್ಲಿ ಕೂಗಿದರು, ಅವರ ಮಗ ಅಮೆರಿಕನ್ ಇಂಗ್ಲಿಷಿನಲ್ಲಿ ಕೂಗಿದ, ಕೊನೆಗೆ ಯಾರೋ ತುಳುವಿನಲ್ಲಿ ಬೈದರು. ಗೋಡೆಯ ಸ್ವಿಚ್ಚು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಗೋಡೆಯ ಅಂದ ಕೆಡುತ್ತದೆ ಅಂತ ಅದನ್ನು ಶೋಕೇಸಿನ ಹಿಂದೆ ಅಡಗಿಸಿದ್ದರು. ಅತ್ತೆ ಮಾತ್ರ ಕತ್ತಲಲ್ಲಿ ನಿರಾಳವಾಗಿ ಗೋಡಂಬಿ ತಿನ್ನುತ್ತಾ ಕೂತಿದ್ದರು.

ಇನ್ನು ಹ್ಯಾಪಿಫೋರ್ಕ್. ಹಳೆಯ ಮಾಲು, 2013ರಲ್ಲಿ ಲಾಸ್ ವೇಗಸ್ಸಿನ ಮೇಳದಲ್ಲಿ ಬಂದದ್ದು. ಆದರೂ ನನಗೆ ಅದರ ಮೇಲೆ ವಿಶೇಷ ಪ್ರೀತಿ. ಈ ಫೋರ್ಕಿನಲ್ಲಿ ನೀವು ಗಬಗಬ ತಿಂದರೆ ಅದು ಕೈಯಲ್ಲೇ ನಡುಗಿ ಎಚ್ಚರಿಸುತ್ತದೆ. ತುತ್ತಿಗೂ ತುತ್ತಿಗೂ ನಡುವೆ ಹತ್ತು ಸೆಕೆಂಡು ಬಿಡಬೇಕು. ಉಡುಪಿಯ ಕೃಷ್ಣ ಮಠದಲ್ಲಿ ಊಟಕ್ಕೆ ಕೂತವರಿಗೆ ಹತ್ತು ಸೆಕೆಂಡು ಅಂದರೆ ಎಷ್ಟು ಅಂತ ಗೊತ್ತು. ಸಾರಿನವರು ಬಂದು, ಬಡಿಸಿ, ಆಚೆ ಸಾಲಿಗೆ ಮುಟ್ಟಿ ಆಗಿರುತ್ತದೆ. ಅನ್ನದಲ್ಲಿ ಗುಂಡಿ ಮಾಡಿ ಅಣೆಕಟ್ಟು ಕಟ್ಟದವನ ಸಾರು ಪಕ್ಕದವನ ಪಾಲು. ಪಾಯಸ ಸುರಿಯುವಷ್ಟರಲ್ಲಿ ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ನಿಂತು ನಿಮ್ಮ ಎಲೆಯನ್ನೇ ನೋಡುತ್ತಿರುತ್ತಾರೆ. ಆ ಫೋರ್ಕು ಅಲ್ಲಿ ಮೊದಲ ಪಂಕ್ತಿಯಲ್ಲೇ ನಡುಗಿ ನಡುಗಿ ಪ್ರಾಣ ಬಿಡುತ್ತಿತ್ತು.

ಆದರೆ ಇವೆಲ್ಲಕ್ಕೂ ಅಜ್ಜ ಅಂದರೆ ಆ ನಿಂಬೆ ಹಿಂಡುವ ಮೂರು ಕಾಲಿನ ಜೇಡ. ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಮಾಡಿದ್ದು, ಇಟಲಿಯ ಅಲೆಸ್ಸಿ ಕಂಪನಿ 1990ರಲ್ಲಿ ಮಾರುಕಟ್ಟೆಗೆ ತಂದದ್ದು, ಹೆಸರು ಜ್ಯೂಸಿ ಸಾಲಿಫ್. ಕಡಲತಡಿಯ ಹೋಟೆಲಿನಲ್ಲಿ ಬೊಂಡಾಸಿಗೆ, ಅಂದರೆ ಸ್ಕ್ವಿಡ್ಡಿಗೆ, ನಿಂಬೆ ಹಿಂಡುವಾಗ ಹೊಳೆದು, ಅಲ್ಲೇ ಕಾಗದದ ನ್ಯಾಪ್ಕಿನ್ ಮೇಲೆ ಗೀಚಿದ್ದಂತೆ. ನಮ್ಮಲ್ಲಿ ಬೊಂಡಾಸ್ ಸುಕ್ಕ ಬಂದಾಗ ಯಾರೂ ಚಿತ್ರ ಬಿಡಿಸುತ್ತಾ ಕೂರುವುದಿಲ್ಲ. ಅದಕ್ಕೇ ನಮಗೆ ಡಿಸೈನಿನಲ್ಲಿ ಹೆಸರು ಬರಲಿಲ್ಲ. ನೋಡಲಿಕ್ಕೆ ಚಂದವೇ, ಸುಳ್ಳು ಯಾಕೆ ಹೇಳಲಿ. ಮ್ಯೂಸಿಯಮ್ಮಿನಲ್ಲೂ ಇಟ್ಟಿದ್ದಾರೆ. ಹಿಂಡಿದರೆ ರಸದ ಜೊತೆಗೆ ಬೀಜವೂ ಲೋಟಕ್ಕೆ, ಸ್ವಲ್ಪ ರಸ ಕಾಲಿನಲ್ಲಿ ಇಳಿದು ಮೇಜಿಗೆ. ಇದು ನಿಂಬೆ ಹಿಂಡಲಿಕ್ಕಲ್ಲ, ಮಾತುಕತೆ ಶುರು ಮಾಡಲಿಕ್ಕೆ ಅಂತ ಸ್ಟಾರ್ಕ್ ಹೇಳಿದ್ದರಂತೆ. ಹತ್ತು ವರ್ಷ ತುಂಬಿದಾಗ ಚಿನ್ನದ ಲೇಪ ಹಾಕಿದ್ದೊಂದು ಬಂತು. ಅದನ್ನು ಬಳಸಬೇಡಿ, ನಿಂಬೆ ಹುಳಿಗೆ ಚಿನ್ನದ ಬಣ್ಣ ಕೆಡುತ್ತದೆ ಅಂತ ಕಂಪನಿಯೇ ಹೇಳಿತು. ನಿಂಬೆ ತಾಗಬಾರದ ನಿಂಬೆ ಹಿಂಡುವ ಯಂತ್ರ!

ಕಾರ್‌ಸ್ಟ್ರೀಟಿನ ಸೋಡದಂಗಡಿಯಲ್ಲಿ ಮೊಳೆಗೆ ನೇತುಹಾಕಿದ ಹಿಂಡುಗ ನೋಡಿ. ಎರಡು ಹಿಡಿ, ನಡುವೆ ಸಡಿಲವಾದ ಒಂದು ಕೀಲು, ಅದಕ್ಕೆ ಸುತ್ತಿದ ತಾಮ್ರದ ತಂತಿ. ಅಂಗಡಿಯವರು ಒಂದು ಕೈಯಲ್ಲಿ ನಿಂಬೆಯನ್ನು ಮಗುಚಿ ಇಟ್ಟು ಒತ್ತಿದರೆ ಬೀಜ ಮೇಲೆ, ರಸ ಕೆಳಗೆ. ಇನ್ನೊಂದು ಕೈ ಆಗಲೇ ಉಪ್ಪಿನ ಡಬ್ಬದಲ್ಲಿ. ಮಾತುಕತೆಯೂ ಶುರುವಾಗುತ್ತದೆ, ಚಿಲ್ಲರೆ ಇಲ್ಲ ಅಂದರೆ ಸಾಕು.

ಇದೇ ಹಿಂಡುವ ವಿಷಯದಲ್ಲಿ ಅಮೆರಿಕದವರು ಒಂದು ಹೆಜ್ಜೆ ಮುಂದೆ. 2016ರಲ್ಲಿ ಜ್ಯೂಸೆರೋ ಅಂತ ಒಂದು ಯಂತ್ರ ಬಂತು. ಬೆಲೆ 699 ಡಾಲರ್, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 46 ಸಾವಿರ ರೂಪಾಯಿ. ಕಂಪನಿಯವರೇ ಕತ್ತರಿಸಿದ ಹಣ್ಣು ತರಕಾರಿಯ ಪೊಟ್ಟಣ ಕಳುಹಿಸುತ್ತಿದ್ದರು. ಯಂತ್ರ ಪೊಟ್ಟಣದ ಕ್ಯುಆರ್ ಕೋಡ್ ಓದಿ, ವೈಫೈಯಲ್ಲಿ ವಿಚಾರಿಸಿ, ತಾರೀಕು ದಾಟಿಲ್ಲ ಅಂತ ಗೊತ್ತಾದ ಮೇಲೆ ಹಿಂಡುತ್ತಿತ್ತು. ಹೂಡಿಕೆದಾರರು ಸುಮಾರು 12 ಕೋಟಿ ಡಾಲರ್ ಹಾಕಿದ್ದರು. 2017ರ ಏಪ್ರಿಲಿನಲ್ಲಿ ಬ್ಲೂಮ್‌ಬರ್ಗ್ ವರದಿಗಾರರು ಪೊಟ್ಟಣವನ್ನು ಕೈಯಲ್ಲೇ ಹಿಂಡಿದರು. ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಸೆಪ್ಟೆಂಬರಿಗೆ ಕಂಪನಿ ಬಾಗಿಲು ಹಾಕಿತು. 12 ಕೋಟಿ ಡಾಲರಿನ ಬುದ್ಧಿವಂತರಲ್ಲಿ ಒಬ್ಬರಿಗಾದರೂ ಅದನ್ನು ಸುಮ್ನೆ ಒಮ್ಮೆ ಒತ್ತಿ ನೋಡುವ ಅಂತ ಅನಿಸಲಿಲ್ಲ ನೋಡಿ!

ಇವರಿಗಿಂತ ಜಪಾನಿನ ಕೆಂಜಿ ಕವಾಕಾಮಿ ಎಷ್ಟೋ ಪ್ರಾಮಾಣಿಕ ಮನುಷ್ಯ. ಚಿಂದೋಗು ಅಂತ ಹೆಸರಿಟ್ಟು, ಬೇಕೆಂದೇ ಪ್ರಯೋಜನವಿಲ್ಲದ ವಸ್ತುಗಳನ್ನು ಮಾಡಿದರು. ಅಂಬೆಗಾಲಿಡುವ ಮಗುವಿಗೆ ನೆಲ ಒರೆಸುವ ಅಂಗಿ, ನೂಡಲ್ಸ್ ಆರಿಸಲಿಕ್ಕೆ ಕಡ್ಡಿಗೇ ಸಿಕ್ಕಿಸಿದ ಫ್ಯಾನು. ಅದಕ್ಕೆ ನಿಯಮವೂ ಉಂಟು, ಇವನ್ನು ಮಾರಬಾರದು, ಪೇಟೆಂಟ್ ಮಾಡಬಾರದು. ಅದರಲ್ಲಿ ಶೂಗಳ ತುದಿಗೆ ಸಿಕ್ಕಿಸುವ ಪುಟ್ಟ ಕೊಡೆಗಳೂ ಉಂಟು. ಜೂನಿನಲ್ಲಿ ಮಂಗಳೂರಿಗೆ ತಂದರೆ ಅದು ಚಿಂದೋಗು ಅನಿಸಿಕೊಳ್ಳುವ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. ಇಲ್ಲಿ ಅದಕ್ಕೆ ಕ್ಯೂ ನಿಲ್ಲುತ್ತಾರೆ.

ಹಾಗಂತ ನಮ್ಮಲ್ಲಿ ತಲೆ ಇಲ್ಲದೆ ಇಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಏರುವ ಬೈಕು 2019ರಲ್ಲಿ ಎಲ್ಲರ ಫೋನಿಗೂ ಬಂದಿತ್ತಲ್ಲ. ಮರ ಹತ್ತುವವರು ಸಿಗುವುದಿಲ್ಲ, ತನಗೆ ಹತ್ತಲಿಕ್ಕೆ ಪ್ರಾಯ ಬಿಡುವುದಿಲ್ಲ. ಎಂಜಿನ್, ಸೀಟು, ಬ್ರೇಕು ಇಟ್ಟು ತಾನೇ ಕೂತು ಮೇಲೆ ಹೋದರು. ಅದಕ್ಕೆ ಬ್ಲೂಟೂತ್ ಇಲ್ಲ. ಅರ್ಧ ಮರದಲ್ಲಿ ನಿಲ್ಲಿಸಿ ಜಾಹೀರಾತು ತೋರಿಸುವುದಿಲ್ಲ. ಎಂಥ ಹಿಂದುಳಿದ ಯಂತ್ರ ಮಾರಾಯ್ರೆ.

ಇಷ್ಟೆಲ್ಲ ನಗುತ್ತಾ ಬರೆದದ್ದು ನಾನು ದಿನಾ ಬಸ್ಸು ಕಾಯುವ ತಂಗುದಾಣದ ಬಗ್ಗೆ ಬರೆಯಲಿಕ್ಕೆ ಹೊರಟು. ಯಾವ ಜಾಗ, ಕಟ್ಟಿಸಿದ್ದು ಯಾರು, ಬೇಡ. ಚಂದ ಉಂಟು. ಪಳಪಳ ಸ್ಟೀಲಿನ ಕಂಬ, ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಎತ್ತಿದ ಮಾಡು, ಬೆನ್ನಿಗೆ ರಾತ್ರಿಯೆಲ್ಲ ಬೆಳಗುವ ಜಾಹೀರಾತಿನ ಫಲಕ. ಫಲಕಕ್ಕೆ ಗಾಜಿನ ಮುಚ್ಚಳ ಉಂಟು, ಮಳೆ ತಾಗಬಾರದಲ್ಲ. ಕಂಬಕ್ಕೊಂದು ಕ್ಯುಆರ್ ಕೋಡ್. ಕೂರಲಿಕ್ಕೆ ಮುಂದಕ್ಕೆ ಜಾರುವ ಮೂರು ಸ್ಟೀಲ್ ಪೈಪು. ಬೇಸಗೆಯಲ್ಲಿ ಅದರ ಮೇಲೆ ನೀರುದೋಸೆ ಹೊಯ್ಯಬಹುದು.

ಮಳೆಗಾಲದಲ್ಲಿ ಅಲ್ಲಿ ನಿಂತವರು ಕೊಡೆ ಬಿಡಿಸಿಕೊಂಡೇ ನಿಲ್ಲುತ್ತಾರೆ. ಮಾಡಿನ ಕೆಳಗೆ, ಕೊಡೆ ಬಿಡಿಸಿಕೊಂಡು. ಈ ಊರಲ್ಲಿ ಮಳೆ ಅಡ್ಡಕ್ಕೆ ಬರುತ್ತದೆ, ಕಡಲ ಕಡೆಯಿಂದ ಬರುತ್ತದೆ. ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ವಿಷಯ, ಯಾಕೆಂದರೆ ಅವರ ಬ್ಯಾಗು ಒಂದೇ ಮಗ್ಗುಲಿಗೆ ಒದ್ದೆಯಾಗಿರುತ್ತದೆ. ಹಿಂದಿನವರು ಮನೆಯ ಜಗಲಿಗೆ ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಡಿಗ್ರಿ ಇರಲಿಲ್ಲ, ಒದ್ದೆಯಾಗುತ್ತದೆ ಅಂತ ಗೊತ್ತಿತ್ತು. ಈ ನಕ್ಷೆ ಬರೆದವರು ಒಂದು ದಿನ ಬಸ್ಸಿಗೆ ಕಾದಿದ್ದಾರಾ? ಮಂಜೂರು ಮಾಡಿದವರು? ಫೋಟೋ ಹಿಡಿಸಿಕೊಂಡವರು? ಎಲ್ಲರೂ ಕಾರಲ್ಲಿ ಬಂದು ಕಾರಲ್ಲಿ ಹೋದರು. ಮೊನ್ನೆ ಜುಲೈಯಲ್ಲಿ ಆಸ್ಪತ್ರೆಗೆ ಹೊರಟಿದ್ದ ಒಬ್ಬರು ಅಜ್ಜಿ ಆ ಪೈಪಿನ ಮೇಲೆ ಕೂರಲಿಕ್ಕಾಗದೆ, ಎಕ್ಸ್‌ರೇ ಫಿಲ್ಮಿನ ಕವರನ್ನು ಸೆರಗಿನೊಳಗೆ ಹಿಡಿದುಕೊಂಡು, ಆ ಜಾಹೀರಾತಿನ ಫಲಕಕ್ಕೆ ಒರಗಿ ನಿಂತಿದ್ದರು. ಫಲಕ ಒಣಗಿತ್ತು.

ಪಡುವಣ ಬದಿಗೆ ಒಂದು ಗೋಡೆ ಕಟ್ಟಿ. ಕೆಂಪುಕಲ್ಲಿನದ್ದಾದರೂ ಸಾಕು, ಸಾರಣೆ ಮಾಡದಿದ್ದರೂ ಆದೀತು. ಕ್ಯುಆರ್ ಕೋಡನ್ನು ಆಮೇಲೆ ಅದಕ್ಕೇ ಅಂಟಿಸಿಕೊಳ್ಳಿ.