ಹೊಗೆ ಇಲ್ಲ, ಆದರೂ ಫೇಲ್

ಎಂಜಿನ್ ಬದಲಾಯಿಸಿ ನಾಲ್ಕೇ ದಿನ ಆಗಿತ್ತು. ಸೈಲೆನ್ಸರಿಗೆ ಬಿಳಿ ಕರ್ಚೀಫು ಹಿಡಿದರೂ ಮಸಿ ಹತ್ತುತ್ತಿರಲಿಲ್ಲ. ಆದರೂ ಇಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನನ್ನ 2001ರ ಕಾರು ಸ್ಮಾಗ್ ಚೆಕ್‌ನಲ್ಲಿ, ಅಂದರೆ ಇಲ್ಲಿನ ಎಮಿಷನ್ ಟೆಸ್ಟ್‌ನಲ್ಲಿ, ಫೇಲ್ ಆಯ್ತು. ತುಂಬಾ ಬೇಜಾರಾಯ್ತು.

ಟೆಸ್ಟ್ ಮಾಡಿದವರು ಸೈಲೆನ್ಸರಿಗೆ ಪೈಪನ್ನೇ ಹಾಕಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2000ದಿಂದ ಈಚಿನ ಪೆಟ್ರೋಲ್ ಕಾರುಗಳಿಗೆ ಅದಿಲ್ಲ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿ, ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಎಂಜಿನ್ ಇಳಿಸುವಾಗ ಬ್ಯಾಟರಿ ಕಳಚಿದ್ದರು, ಹಾಗಾಗಿ ಆ ಕಂಪ್ಯೂಟರಿನ ನೆನಪೆಲ್ಲ ಅಳಿಸಿಹೋಗಿತ್ತು. ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬಿ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಅದು ಇನ್ನೂ ಪರೀಕ್ಷೆ ಮಾಡಿಕೊಂಡೇ ಇರಲಿಲ್ಲ. "ಕೆಲವು ದಿನ ಓಡಿಸಿ, ಆಮೇಲೆ ಬನ್ನಿ" ಅಂದರು.

ಓಡಿಸಿದೆ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, 280 ಹೈವೇಯಲ್ಲಿ ಗಂಟೆಗೆ 55 ಮೈಲಿಯಲ್ಲಿ ಒಂದೇ ಸಮ. ಆಮೇಲೆ ಊರೊಳಗೆ ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು. ಐದನೇ ದಿನ ಕಂಪ್ಯೂಟರ್ ಎಲ್ಲ ರೆಡಿ ಅಂತ ತೋರಿಸಿತು. ಎರಡನೇ ಸಲ ಅವರು ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಕನ್ವರ್ಟರ್ ಮೇಲಿನ ನಂಬರ್ ಓದಿ, ಮೂತಿಯಿಂದ ಬಾಲದವರೆಗೆ ಒಂದೊಂದೇ ಪಾರ್ಟ್ ನೋಡಿದರು. ನಾನು ಹಾಕಿಸಿದ್ದು ಅದೇ ಮಾಡೆಲ್ಲಿನ, ಅದೇ ವರ್ಷದ ಎಂಜಿನ್, ಹಾಗಾಗಿ ಅಷ್ಟಕ್ಕೇ ಮುಗಿಯಿತು. ಬೇರೆ ಎಂಜಿನ್ ಕೂರಿಸಿದ್ದರೆ ಅದು ಕಾರಿಗಿಂತ ಹಳೆಯದಾಗಿರಬಾರದು, ಅದರ ಹೊಗೆ ತಡೆಯುವ ಸಾಮಾನೆಲ್ಲ ಜೊತೆಗೇ ಬರಬೇಕು, ಮೇಲೆ ಇಂಥ ಕಾರುಗಳನ್ನು ಪರೀಕ್ಷಿಸುವ ಸರ್ಕಾರದ ರೆಫರಿ ಹತ್ತಿರ ಹೋಗಿ ತೋರಿಸಬೇಕು.

ಶಿವಮೊಗ್ಗದಲ್ಲಿ ಅಪ್ಪನ ಕಾರಿಗೂ ಎಂಜಿನ್ ಕೆಲಸ ಆಗಿತ್ತು. ಎಮಿಷನ್ ಮಾಡಿಸಲು ಬಂಕ್ ಪಕ್ಕದ ವ್ಯಾನಿಗೆ ನಾನೇ ಹೋಗಿದ್ದೆ. ಹುಡುಗ ಪೈಪ್ ಚುಚ್ಚಿದ, ನಂಬರ್ ಪ್ಲೇಟ್ ಫೋಟೋ ತೆಗೆದ, ಚೀಟಿ ಕೊಟ್ಟ. ಐದು ನಿಮಿಷ. ಬಾನೆಟ್ ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ, ಬದಲಾದರೆ ಆರ್‌ಟಿಒಗೆ ತಿಳಿಸಲೇಬೇಕು. ಆದರೆ ಅದು ಕಾರು ಯಾರದು ಅನ್ನುವ ಪ್ರಶ್ನೆ. ಹೊಗೆ ಕುಡಿಯುವವರ ಪ್ರಶ್ನೆ ಅಲ್ವಲ್ಲ! ಸಿಗ್ನಲ್‌ನಲ್ಲಿ ಆಟೋ ಹಿಂದೆ ಬೈಕಿನ ಟ್ಯಾಂಕ್ ಮೇಲೆ ಕೂತ ಮಗು ನೆನಪಾದರೆ ನನಗೆ ನಿಜವಾಗಿ ಸಂಕಟ ಆಗುತ್ತೆ. ಆ ನಿಮಿಷದ ಹೊಗೆ ಅಳೆದರೆ ಸಾಲದು. ಒಂದು ವಾರ ಗಾಡಿ ಹೇಗೆ ಓಡಿತು ಅಂತ ನಮ್ಮೂರಲ್ಲೂ ನೋಡಬೇಕು.

ಒಂದು ಮಾತು ಒಪ್ಪಿಕೊಳ್ಳಬೇಕು. ಐದು ದಿನ ಸುಮ್ನೆ ಪೆಟ್ರೋಲ್ ಸುಟ್ಟು ಓಡಾಡಿದ್ದು ನಾನೇ, ಅದೂ ಹೊಗೆ ಟೆಸ್ಟಿಗಾಗಿ. ದಿನಗೂಲಿಯವರಿಗೆ ಅಷ್ಟು ಬಿಡುವೆಲ್ಲಿ? ಮತ್ತೆ ಇಲ್ಲಿ ಹಳೇ ಎಂಜಿನ್ ಬಿಚ್ಚಿ ರಿಪೇರಿ ಮಾಡುವವರು ನನಗೆ ಸಿಗಲಿಲ್ಲ, ಕೂಲಿ ಅಷ್ಟು ಜಾಸ್ತಿ. ಅಪ್ಪನ ಕಾರಿಗೆ ನಮ್ಮ ಮೇಸ್ತ್ರಿ ಬೋರ್ ಮಾಡಿಸಿ, ಪಿಸ್ಟನ್ನು ರಿಂಗು ಹೊಸದು ಹಾಕಿದ್ದರು. ಹಳೇ ಎಂಜಿನ್ನೇ ಇವತ್ತಿಗೂ ಓಡುತ್ತಿದೆ.