ಗೆದ್ದೆಯೋ, ಕೆಟ್ಟೆ

ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಬಂತಲ್ಲಾ ಅಂತ ಟಿವಿ ಹಾಕಿದರೆ ಅದೇ ಮುಖ್ಯಮಂತ್ರಿ ಕುರ್ಚಿ, ಅದಕ್ಕೆ ಕಿತ್ತಾಡುವ ಕಾಂಗ್ರೆಸ್ಸಿನ ಅದೇ ಇಬ್ಬರು, ಅದೇ 'ಹೈಕಮಾಂಡ್ ತೀರ್ಮಾನಕ್ಕೆ ಬದ್ಧ'. ಮಳೆಗಾಲದಲ್ಲಿ ಕೊಡಗಿನವರಿಗೆ ಇದೊಂದು ಅನುಕೂಲ, ಮೂರು ದಿನ ನೋಡದಿದ್ದರೂ ಕಥೆ ತಪ್ಪುವುದಿಲ್ಲ.

ಕಾಂಗ್ರೆಸ್ಸಿನವರನ್ನು ಸುಮ್ನೆ ಬೈಯಬೇಡಿ. ಹಳೇ ಮನೆತನ ಅದು. 1907ರಲ್ಲಿ ಸೂರತ್ ಅಧಿವೇಶನದಲ್ಲಿ ಮಂದಗಾಮಿ-ತೀವ್ರಗಾಮಿಗಳ ಜಗಳದಲ್ಲಿ ಹಾರಿ ಬಂದ ಒಂದೇ ಚಪ್ಪಲಿ ಮುಖಂಡರಾದ ಸುರೇಂದ್ರನಾಥ ಬ್ಯಾನರ್ಜಿಗೂ ತಗುಲಿತು, ಫಿರೋಜ್‌ಶಾ ಮೆಹ್ತಾಗೂ ತಗುಲಿತು. ಆಗಿನ್ನೂ ಹೈಕಮಾಂಡ್ ಇರಲಿಲ್ಲ, ಪಾಪ, ಕೈಗೆ ಸಿಕ್ಕಿದ್ದನ್ನು ಬಳಸಿದರು.

ನಮ್ಮ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಹಿರಿಯನೇ ಪಟ್ಟೆದಾರ, ಮನೆಯ ಯಜಮಾನ, ಓಟು ಗೀಟು ಇಲ್ಲ. ಕಾಂಗ್ರೆಸ್ಸಿನಲ್ಲಿ ಓಟು ಇದೆ, ಆದರೆ ಗೆಲ್ಲಬಾರದು ಅಷ್ಟೇ. 1939ರ ಪಕ್ಷದ ಅಧ್ಯಕ್ಷ ಚುನಾವಣೆಯಲ್ಲಿ ಸುಭಾಷ್ ಬೋಸರಿಗೆ 1,580 ಓಟು, ಗಾಂಧೀಜಿ ಬೆಂಬಲಿಸಿದ ಪಟ್ಟಾಭಿ ಸೀತಾರಾಮಯ್ಯನವರಿಗೆ 1,377. ಸೋತವರು ಪಟ್ಟಾಭಿ, ಸೋಲು ನನ್ನದು ಅಂದವರು ಗಾಂಧೀಜಿ, ರಾಜೀನಾಮೆ ಕೊಟ್ಟವರು ಗೆದ್ದ ಸುಭಾಷರು! ಇಂಥ ಕೆಲಸ ಹಂಚಿಕೆ ನಮ್ಮ ಯಾವ ಒಕ್ಕದಲ್ಲೂ, ಯಾವ ಮನೆತನದಲ್ಲೂ ಕಂಡಿಲ್ಲ. 1950ರಲ್ಲಿ ಅದೇ ಅಧ್ಯಕ್ಷ ಸ್ಥಾನವನ್ನು ಪುರುಷೋತ್ತಮದಾಸ್ ಟಂಡನ್ ಗೆದ್ದರು, ಮರುವರ್ಷ ಅವರೂ ಮನೆಗೆ.

1969ರಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯನ್ನೇ ಪಕ್ಷದಿಂದ ಹೊರಹಾಕಿದರು. ಹೊರಗೆ ಹೋದವರ ಹತ್ತಿರ ಸರ್ಕಾರ ಉಳಿಯಿತು. ಪಕ್ಷದ ಜೋಡೆತ್ತಿನ ಚುನಾವಣಾ ಗುರುತು ಮಾತ್ರ 1971ರ ಚುನಾವಣೆಗೆ ಯಾರಿಗೂ ದಕ್ಕಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಕಂಚಿನ ಚೊಂಬಿಗೂ ಜಗಳ ಆಡಿದ್ದನ್ನು ನೋಡಿದ್ದೇನೆ, ಆದರೆ ಉಳುವ ಎತ್ತನ್ನೇ ಕಳೆದುಕೊಂಡವರನ್ನು ನೋಡಿಲ್ಲ. ಇಂದಿರಾ ಹಸು-ಕರು ಕಟ್ಟಿಕೊಂಡರು. 1978ರಲ್ಲಿ ಮತ್ತೆ ಒಡೆದಾಗ ಕೊಟ್ಟಿಗೆ ಖಾಲಿ. ಉಳಿದದ್ದು ಬರೀ ಕೈ.

ನಾವೇನು ಸಾಚಾ ಅಲ್ಲ ಬಿಡಿ. 1980ರ ಜನವರಿಯಲ್ಲಿ ಇಂದಿರಾರಿಂದ ದೂರವಾಗಿದ್ದ ಮುಖ್ಯಮಂತ್ರಿ ದೇವರಾಜ ಅರಸರ ಜೊತೆಗಿದ್ದ ಶಾಸಕರು ಗಾಳಿ ನೋಡಿ ಇಂದಿರಾ ಕಡೆ ಹಾರಿದ್ದರಿಂದ ತಾನೇ ಕುಶಾಲನಗರದ ಗುಂಡೂರಾವ್ ಮುಖ್ಯಮಂತ್ರಿ ಆದದ್ದು? ನಮ್ಮವರು ಅಂತ ಖುಷಿಪಟ್ಟೆವು, ಹಾರಿದ ಲೆಕ್ಕ ಯಾರೂ ಕೇಳಲಿಲ್ಲ. ಹತ್ತೇ ವರ್ಷಕ್ಕೆ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಸರದಿ. 178 ಸೀಟು ಗೆದ್ದಿದ್ದ ಮನುಷ್ಯ ಕಾಯಿಲೆ ಬಿದ್ದಿರುವಾಗ, ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲೇ ನಿಂತು ಅವರನ್ನು ಬದಲಾಯಿಸುವುದಾಗಿ ಹೇಳಿ ಹೋದರು. ಮನೆಗೆ ಬಂದ ನೆಂಟರು ಕೂಡ ಹೊರಡುವಾಗ ಚಪ್ಪಲಿ ಹಾಕಿಕೊಂಡೇ ಅಷ್ಟು ದೊಡ್ಡ ಮಾತು ಆಡುವುದಿಲ್ಲ.

ಈಗಿನವರೂ ಆಡಲಿ, ಬೇಡ ಅಂದವರು ಯಾರು? ಆದರೆ ನಮ್ಮ ರಸ್ತೆ ಕುಸಿದು ಎರಡು ಮಳೆಗಾಲ ಆಯ್ತು. ಕೇಳಿದರೆ, ಮೇಲೆ ಏನಾಗುತ್ತೋ ನೋಡೋಣ, ಸಾಹೇಬ್ರು ದೆಹಲಿಯಲ್ಲಿದ್ದಾರೆ ಅಂತಾರೆ. ಹೋದ ವಾರ ಪಕ್ಕದ ಮನೆಯ ಅಜ್ಜಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು, ಕಾಫಿ ತೋಟದೊಳಗೆ ಸುತ್ತು ಬಳಸಿ ಮಡಿಕೇರಿ ಆಸ್ಪತ್ರೆ ಸೇರಿಸುವಷ್ಟರಲ್ಲಿ ಸಾಕುಸಾಕಾಯ್ತು. ಅಜ್ಜಿ ದಾರಿಯುದ್ದಕ್ಕೂ ನರಳ್ತಾನೇ ಇದ್ದರು.

ಇದರಲ್ಲಿ ನಗೋದಕ್ಕೆ ನನಗಂತೂ ಏನೂ ಸಿಗಲಿಲ್ಲ.